ಹಿಡಿದ ಮೊಲಕ್ಕೆ ಎಷ್ಟು ಕಾಲು? ಸಾಕುಮೊಲ ನಮ್ಮ ಕಾನೂನಿನ ಕಣ್ಣಿಗೆ ಬಿದ್ದ ಕಥೆ

ಇವತ್ತಿನ ಮಾತು ಮೊಲದ ಬಗ್ಗೆ. ಬೇಟೆನಾಯಿಯನ್ನೇ ತಿರುಗಿ ಅಟ್ಟಿಸಿಕೊಂಡು ಹೋಯಿತು ಅಂತ ವಿಜಯನಗರದ ಕಥೆಯಲ್ಲಿ ಬರುತ್ತಲ್ಲ, ಆ ಮೊಲ ಅಲ್ಲ. ಅದನ್ನ ನೀವೆಲ್ಲ ಶಾಲೆಯಲ್ಲೇ ಕೇಳಿದ್ದೀರಿ. ಠಾಣೆಯಲ್ಲಿ, ಕಲ್ಯಾಣದಲ್ಲಿ, ಡೊಂಬಿವಲಿಯಲ್ಲಿ, ನವಿ ಮುಂಬೈಯಲ್ಲಿ ಪೆಟ್ ಶಾಪಿನ ಬಾಗಿಲ ಹತ್ತಿರ ತಂತಿ ಪಂಜರದೊಳಗೆ ಕೂತಿರುತ್ತಲ್ಲ, ಕೆಂಪು ಕಣ್ಣಿನ ಬಿಳಿ ಮೊಲ, ನಾನು ಹೇಳೋಕೆ ಹೊರಟಿರೋದು ಅದರ ಕಥೆ.

ಆ ಕಡೆ ಕನ್ನಡದವರು ಬಹಳ ಇದ್ದಾರೆ. ಹೋಟೆಲು, ಬ್ಯಾಂಕು, ಕಾರ್ಖಾನೆ ಅಂತ ಹೋಗಿ ಅಲ್ಲೇ ನೆಲೆ ನಿಂತವರು. ಅವರ ಮನೆಗಳಲ್ಲಿ ಮಕ್ಕಳ ಹಟಕ್ಕೆ ಮೊಲ ಬರುತ್ತೆ. ಆಮೇಲೆ ಪ್ರಶ್ನೆ ಬರುತ್ತೆ: ಮೊಲ ಸಾಕೋಕೆ ಸರ್ಕಾರದ ಪರವಾನಗಿ ಬೇಕಾ? ಮಾರೋನಿಗೆ ಬೇಕಾ? ಮರಿ ಮಾಡಿಸೋನಿಗೆ?

ಚಿಕ್ಕ ಉತ್ತರ ಹೀಗೆ. ಮನೆಯಲ್ಲಿ ಒಂದು ಮೊಲ ಸಾಕೋದಕ್ಕೆ ಕೇಂದ್ರದ ನಿಯಮ ಪರವಾನಗಿ ಕೇಳೋದಿಲ್ಲ. ವ್ಯಾಪಾರವಾಗಿ ಮಾರೋನಿಗೆ 2018ರಿಂದ ನೋಂದಣಿ ಕಡ್ಡಾಯ. ಸಾಕುಮೊಲದ ಮರಿ ಮಾಡಿಸೋ ಕೆಲಸಕ್ಕೆ ಅಂತ ಪ್ರತ್ಯೇಕ ಕೇಂದ್ರ ನಿಯಮ ಇಲ್ಲ. ಈ ಮೂರು ಉತ್ತರ ಹೀಗೆ ಯಾಕೆ ಇವೆ ಅನ್ನೋದಕ್ಕೆ ನೂರಮೂವತ್ತು ವರ್ಷದ ಹಿನ್ನೆಲೆ ಇದೆ.

ನಮ್ಮಲ್ಲಿ ಗಾದೆ ಇದೆಯಲ್ಲ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತ. ಸರ್ಕಾರದ ಒಂದೊಂದು ಇಲಾಖೆಯೂ ಒಂದೊಂದು ಮೊಲ ಹಿಡಿದು ಅದಕ್ಕೆ ಇಷ್ಟೇ ಕಾಲು ಅಂದಿದೆ. ಅರಣ್ಯ ಇಲಾಖೆಗೆ ಅದು ವನ್ಯಜೀವಿ, ಔಷಧ ಕಂಪನಿಗೆ ಪ್ರಯೋಗದ ಪ್ರಾಣಿ, ಪಶುಸಂಗೋಪನೆಗೆ ಉಣ್ಣೆ ಮತ್ತು ಮಾಂಸ. ಮಗುವಿನ ಮಡಿಲಲ್ಲಿ ಕೂರುವ ಮೊಲ ಕಾನೂನಿನ ಕಣ್ಣಿಗೆ ಬಿದ್ದದ್ದು ಕೊನೆಗೆ.

ಒಂದೇ ಹೆಸರು, ಎರಡು ಪ್ರಾಣಿ

ಮೊದಲು ಶಬ್ದದ ಗೊಂದಲ ಬಿಡಿಸೋಣ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತೀವಿ, ಮರಾಠಿಯಲ್ಲಿ ಎರಡಕ್ಕೂ ಸಸಾ ಅಂತಾರೆ. ಆದರೆ ನಮ್ಮ ಹೊಲದ ಬದುವಿನಲ್ಲಿ ಓಡುವ ಕಂದು ಬಣ್ಣದ ಕಾಡುಮೊಲ ಬೇರೆ ಪ್ರಾಣಿ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತೆ. ಬಯಲಲ್ಲೇ ಬದುಕುತ್ತೆ. ಸಾಕುಮೊಲದ ಮೂಲ ಸ್ಪೇನ್ ಮತ್ತು ಪೋರ್ಚುಗಲ್ ಇರುವ ಐಬೀರಿಯಾ. ಅದು ಬಿಲ ತೋಡುವ ಜಾತಿ. ಮರಿ ಹುಟ್ಟುವಾಗ ಬೆತ್ತಲೆ, ಕಣ್ಣು ಮುಚ್ಚಿರುತ್ತೆ. ಯುರೋಪಿನಲ್ಲಿ ಶತಮಾನಗಟ್ಟಲೆ ಸಾಕಿ ಪಳಗಿಸಿ ಮಾಡಿದ ತಳಿಗಳೇ ಇವತ್ತಿನ ಅಂಗಡಿಯ ಮೊಲಗಳು.

ಈ ವ್ಯತ್ಯಾಸ ಕಾನೂನಿನಲ್ಲಿ ಬಹಳ ಮುಖ್ಯ. ಕಾಡುಮೊಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತೆ. ಮೊದಲು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ಅನುಸೂಚಿಗಳ ಲೆಕ್ಕ ಬದಲಾಯಿತು, ರಕ್ಷಣೆ ಮಾತ್ರ ಹಾಗೇ ಇದೆ. ಠಾಣೆಯ ಪಕ್ಕದ ಯೇವೂರು ಗುಡ್ಡದಲ್ಲಿ ಒಂದು ಕಾಡುಮೊಲದ ಮರಿ ಸಿಕ್ಕಿತು ಅಂತ ಮನೆಗೆ ತಂದರೆ ಅದು ಅಪರಾಧ. ಸ್ಟೇಷನ್ ರಸ್ತೆಯ ಅಂಗಡಿಯಿಂದ ಬಿಳಿ ಮೊಲ ತಂದರೆ ಅಲ್ಲ. ಎರಡಕ್ಕೂ ಹೆಸರು ಒಂದೇ.

ಎತ್ತು ಕುದುರೆಗಳ ಕಾಲದ ಕಾಯ್ದೆ

ಪ್ರಾಣಿಗಳಿಗೆ ಹಿಂಸೆ ಕೊಡಬಾರದು ಅನ್ನೋ ಕಾನೂನು ನಮ್ಮಲ್ಲಿ ಹುಟ್ಟಿದ್ದು ಬೀದಿಯಲ್ಲಿ. ಕಲ್ಕತ್ತಾದಲ್ಲಿ 1861ರಲ್ಲಿ, ಮುಂಬೈಯಲ್ಲಿ 1874ರಲ್ಲಿ ಪ್ರಾಣಿದಯಾ ಸಂಘಗಳು ಶುರುವಾದವು. ಅವರ ಕಣ್ಣೆದುರು ಇದ್ದದ್ದು ಹೊರಲಾರದ ಹೊರೆ ಎಳೆಯುವ ಎತ್ತು, ಗಾಡಿ ಕುದುರೆ. 1890ರಲ್ಲಿ ಬ್ರಿಟಿಷ್ ಸರ್ಕಾರ ಇಡೀ ದೇಶಕ್ಕೆ ಅಂತ ಪ್ರಾಣಿಹಿಂಸೆ ತಡೆ ಕಾಯ್ದೆ ಮಾಡಿದಾಗಲೂ ಮನಸ್ಸಿನಲ್ಲಿದ್ದದ್ದು ದುಡಿಯುವ ಪ್ರಾಣಿ. ಪಂಜರದ ಪ್ರಾಣಿ ಯಾರ ಚಿಂತೆಯೂ ಆಗಿರಲಿಲ್ಲ.

ಸ್ವಾತಂತ್ರ್ಯದ ನಂತರ ಆ ಕಾಯ್ದೆ ಸಾಲದು ಅಂತ ಎದ್ದು ನಿಂತವರು ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್. ರಾಜ್ಯಸಭೆಗೆ ನಾಮಕರಣಗೊಂಡಿದ್ದ ಅವರು 1953ರಲ್ಲಿ ಖಾಸಗಿ ಮಸೂದೆ ತಂದರು. ಸರ್ಕಾರವೇ ಒಂದು ಕಾಯ್ದೆ ತರುತ್ತೆ ಅಂತ ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ವಾಪಸ್ ತಗೊಂಡರು. ಆ ಭರವಸೆ 1960ರಲ್ಲಿ ಈಡೇರಿತು. 1962ರಲ್ಲಿ ಮದ್ರಾಸಿನಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು, ಅವರೇ ಅಧ್ಯಕ್ಷರಾದರು.

1960ರ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಉಳಿದ ಯಾವುದೇ ಜೀವಿ. ಹಾಗಾಗಿ ಮೊಲದ ಹೆಸರು ಹೇಳದೆಯೇ ಮೊಲ ಒಳಗೆ ಬಂತು. ಹನ್ನೊಂದನೇ ಸೆಕ್ಷನ್ನಿನಲ್ಲಿ ನಮಗೆ ಬೇಕಾದ ಎರಡು ಮಾತು ಇವೆ. ಓಡಾಡಲು ತಕ್ಕಷ್ಟು ಉದ್ದ, ಅಗಲ, ಎತ್ತರ ಇಲ್ಲದ ಪಂಜರದಲ್ಲಿ ಪ್ರಾಣಿಯನ್ನು ಇಡುವುದು ಹಿಂಸೆ. ಹಸಿವು, ಬಾಯಾರಿಕೆ, ಇಕ್ಕಟ್ಟಿನಿಂದ ನರಳುತ್ತಿರುವ ಪ್ರಾಣಿಯನ್ನು ಮಾರಾಟಕ್ಕಿಡುವುದೂ ಹಿಂಸೆ. ಅಂದ್ರೆ ಪೆಟ್ ಶಾಪಿಗೆ ಬೇಕಾದ ತತ್ವ ಅರವತ್ತು ವರ್ಷದ ಹಿಂದೆಯೇ ಬರೆದಿಟ್ಟಿತ್ತು.

ಹಾಗಿದ್ರೆ ತೊಂದರೆ ಎಲ್ಲಿ? ಮೂರು ಕಡೆ. ಮೊದಲ ಅಪರಾಧಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. 1960ರಲ್ಲಿ ಅದು ಕೈಕಚ್ಚುವ ಮೊತ್ತ. ಇವತ್ತು ಡೊಂಬಿವಲಿ ಸ್ಟೇಷನ್ ಹೊರಗೆ ಎರಡು ಮೂರು ವಡಾಪಾವ್ ಬರಬಹುದು. ಎರಡನೇದು, ನಾನು ಹೇಳಿದ ಆ ಎರಡು ಅಪರಾಧಗಳೂ ಪೊಲೀಸರು ತಾವಾಗಿ ತನಿಖೆಗೆ ಇಳಿಯಬಹುದಾದ ವರ್ಗದವಲ್ಲ. ಮ್ಯಾಜಿಸ್ಟ್ರೇಟರ ಆದೇಶ ಬೇಕು. ಮೂರನೇದು, ಘಟನೆ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡಬೇಕು. ಇದೆಲ್ಲಕ್ಕಿಂತ ಮೂಲದ ತೊಂದರೆ ಏನಂದ್ರೆ, ಈ ಕಾಯ್ದೆ ಎಚ್ಚರವಾಗೋದು ಪ್ರಾಣಿ ನರಳಿದ ಮೇಲೆ. ಅಂಗಡಿ ತೆರೆಯುವ ಮೊದಲು ಪಂಜರ ಅಳೆಯೋಕೆ ಅದರಲ್ಲಿ ಯಾರೂ ಇರಲಿಲ್ಲ.

ಇನ್ನೊಂದು ಹಳೇ ಕಾನೂನು ನೋಡಿ. 1860ರ ಭಾರತೀಯ ದಂಡ ಸಂಹಿತೆಯಲ್ಲಿ ಪ್ರಾಣಿಯನ್ನು ಕೊಂದರೆ, ಅಂಗವಿಕಲ ಮಾಡಿದರೆ ಶಿಕ್ಷೆ ಇತ್ತು. ಆದರೆ ಬೆಲೆಯ ಮೇಲೆ. 10 ರೂಪಾಯಿಗೆ ಮೇಲ್ಪಟ್ಟ ಪ್ರಾಣಿಗೆ ಎರಡು ವರ್ಷದವರೆಗೆ. ಆನೆ, ಒಂಟೆ, ಕುದುರೆ, ಹಸು, ಎತ್ತು ಇಂಥವಾದರೆ ಬೆಲೆ ಎಷ್ಟೇ ಇರಲಿ ಐದು ವರ್ಷದವರೆಗೆ. ಬೇರೆ ಯಾವುದೇ ಪ್ರಾಣಿಯಾದರೆ 50 ರೂಪಾಯಿ ಬೆಲೆ ಬಾಳಬೇಕು. ಮೊಲ ಆ ಬೇರೆ ಯಾವುದೇ ಪ್ರಾಣಿಯ ಸಾಲಿನಲ್ಲಿ, ಕೊರಳಿಗೆ ಬೆಲೆಚೀಟಿ ಕಟ್ಟಿಕೊಂಡು ನಿಂತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಆ ಬೆಲೆಚೀಟಿ ಕಿತ್ತುಹಾಕಿತು. ಈಗ ಯಾವ ಪ್ರಾಣಿಯಾದರೂ ಐದು ವರ್ಷದವರೆಗೆ ಶಿಕ್ಷೆ ಆಗಬಹುದು.

ಪ್ರಯೋಗಶಾಲೆಯ ಮೊಲಕ್ಕೆ ಮೊದಲ ಮಣೆ

ಸರ್ಕಾರ ಮೊಲವನ್ನ ಗಮನವಿಟ್ಟು ನೋಡಿದ್ದು ಪ್ರಯೋಗಶಾಲೆಯಲ್ಲಿ. 1885ರಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರ್ ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟದ್ದು ಒಣಗಿಸಿದ ಮೊಲದ ಬೆನ್ನುಹುರಿಯಿಂದ. ನಮ್ಮಲ್ಲಿ 1900ರಲ್ಲಿ ಕಸೌಲಿಯಲ್ಲಿ ಪಾಶ್ಚರ್ ಸಂಸ್ಥೆ ಬಂತು. ಅಲ್ಲೇ ಡೇವಿಡ್ ಸೆಂಪಲ್ ಅನ್ನೋ ವೈದ್ಯ ಮಾಡಿದ ಲಸಿಕೆಗೂ ಮೊದಲು ಬಳಸಿದ್ದು ಮೊಲದ ಮೆದುಳು. ಆಮೇಲೆ ಕುರಿಯ ಮೆದುಳು ಬಂತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅಂತ ನಮ್ಮ ಹಿರಿಯರು ಹೆದರಿಸುತ್ತಿದ್ದರಲ್ಲ, ಅದರ ಹಿಂದೆ ಇರೋದು ಈ ಪರಂಪರೆ. ಔಷಧದಿಂದ ಜ್ವರ ಬರುತ್ತಾ ಅಂತ ನೋಡೋದಕ್ಕೆ, ಸೋಪು ಶಾಂಪೂ ಕಣ್ಣು ಉರಿಸುತ್ತಾ ಅಂತ ನೋಡೋದಕ್ಕೂ ಮೊಲವೇ ಬೇಕಾಯಿತು.

1998ರಲ್ಲಿ ಕೇಂದ್ರ ಸರ್ಕಾರ ಪ್ರಯೋಗದ ಪ್ರಾಣಿಗಳಿಗಾಗಿ ನಿಯಮ ಮಾಡಿತು. ಪ್ರಯೋಗ ಮಾಡುವ ಸಂಸ್ಥೆ ನೋಂದಾಯಿಸಬೇಕು. ಅದಕ್ಕೆ ಪ್ರಾಣಿ ಒದಗಿಸಲು ಮರಿ ಮಾಡಿಸುವವನೂ ನೋಂದಾಯಿಸಬೇಕು, ಲೆಕ್ಕ ಇಡಬೇಕು. 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸೋದನ್ನೇ ನಿಷೇಧಿಸಿದರು. ಅದೇ ವರ್ಷ ಹಾಗೆ ಪರೀಕ್ಷಿಸಿದ ವಸ್ತುಗಳ ಆಮದನ್ನೂ ನಿಲ್ಲಿಸಿದರು.

ಈ 1998 ಅನ್ನೋ ವರ್ಷ ನೆನಪಿಟ್ಟುಕೊಳ್ಳಿ. ಅವತ್ತು ಪ್ರಯೋಗಶಾಲೆಯ ಮೊಲ ಎಲ್ಲಿ ಹುಟ್ಟಿತು ಅನ್ನೋದಕ್ಕೆ ದಾಖಲೆ ಬೇಕಿತ್ತು. ಕಲ್ಯಾಣದ ಅಂಗಡಿಯ ಮೊಲಕ್ಕೆ ಬೇಕಿರಲಿಲ್ಲ.

ಹೊಲಮನೆಯ ಕಡೆ ಕಥೆ ಬೇರೆ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ವೈಟ್ ಜಯಂಟ್, ಸೋವಿಯತ್ ಚಿಂಚಿಲ್ಲಾದಂಥ ಮಾಂಸದ ತಳಿಗಳನ್ನು ಬೆಳೆಸಿತು. ಹಿಮಾಚಲದ ತಂಪಿನಲ್ಲಿ ಅಂಗೋರಾ ಮೊಲ ಉಣ್ಣೆಗಾಗಿ ಬೆಳೆಯಿತು. ಇಲ್ಲಿ ಸರ್ಕಾರದ ಪಾತ್ರ ಪ್ರೋತ್ಸಾಹಕನದು. ಆದರೆ 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಮಾಂಸದ ಪ್ರಾಣಿಗಳ ಪಟ್ಟಿಯಲ್ಲಿ ಕುರಿ, ಮೇಕೆ, ಹಂದಿ, ದನದ ಜಾತಿ, ಕೋಳಿ, ಮೀನು ಇದ್ದವು, ಮೊಲದ ಹೆಸರೇ ಇರಲಿಲ್ಲ. ಒಂದು ಸರ್ಕಾರಿ ಸಂಸ್ಥೆ ಸಾಕಿ ಅಂದದ್ದನ್ನ ಇನ್ನೊಂದು ಪಟ್ಟಿಯಿಂದ ಬಿಟ್ಟಿತ್ತು. ಮೊಲ ಸಾಕುವ ರೈತರು ಮಧ್ಯದಲ್ಲಿ ಸಿಕ್ಕಿಕೊಂಡರು.

ಹಳಿಯ ಪಕ್ಕ ಬೆಳೆದ ಊರುಗಳು

ಈಗ ಠಾಣೆ ಜಿಲ್ಲೆಗೆ ಬರೋಣ. ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣಕ್ಕೆ ಮುಟ್ಟಿತು. ಆ ಹಳಿಯ ಅಕ್ಕಪಕ್ಕ ಊರು ಬೆಳೀತು. 1970ರಲ್ಲಿ ಸಿಡ್ಕೋ ಹುಟ್ಟಿ ಕೊಲ್ಲಿಯ ಆಚೆ ನವಿ ಮುಂಬೈ ಕಟ್ಟಲು ಶುರು ಮಾಡಿತು. ಠಾಣೆ 1982ರಲ್ಲಿ, ಕಲ್ಯಾಣ 1983ರಲ್ಲಿ ಮಹಾನಗರಪಾಲಿಕೆಗಳಾದವು, ನವಿ ಮುಂಬೈ ಪಾಲಿಕೆ 1992ರ ಜನವರಿ 1ರಿಂದ ಕೆಲಸ ಶುರು ಮಾಡಿತು.

ಇದು ಫ್ಲ್ಯಾಟಿನ ಬದುಕು. ಒಂದು ಕೋಣೆ, ಒಂದು ಅಡಿಗೆಮನೆ, ಚಿಕ್ಕ ಬಾಲ್ಕನಿ. ಬೆಳಿಗ್ಗೆ ಲೋಕಲ್ ಹಿಡಿದು ಹೋದವರು ರಾತ್ರಿ ಬರೋದು. ನಾಯಿ ಸಾಕಿದರೆ ವಾಕಿಂಗ್ ಬೇಕು, ಬೊಗಳಿದರೆ ಸೊಸೈಟಿಯಲ್ಲಿ ಜಗಳ. ಮೊಲ ಸದ್ದು ಮಾಡೋದಿಲ್ಲ, ಜಾಗ ಕಡಿಮೆ, ತಳಿನಾಯಿಗೆ ಹೋಲಿಸಿದರೆ ಬೆಲೆಯೂ ಕಡಿಮೆ. ಹೀಗೆ ಆಟಿಕೆಯ ಲೆಕ್ಕದಲ್ಲಿ ಮನೆಗೆ ಬಂತು.

ಆದರೆ ಅದು ಎಂಟು ಹತ್ತು ವರ್ಷ ಬಾಳುವ ಜೀವ. ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ. ಸವೆಯಬೇಕಾದರೆ ದಿನವಿಡೀ ಒಣಹುಲ್ಲು ಅಗಿಯಬೇಕು. ಕಾರ್ಟೂನು ನೋಡಿ ಬರೀ ಕ್ಯಾರೆಟ್ ಹಾಕಿದರೆ ಹೊಟ್ಟೆ ಕೆಡುತ್ತೆ. ಅದು ಬೆವರಿ ತಣ್ಣಗಾಗೋ ಪ್ರಾಣಿ ಅಲ್ಲ, ಮೈಯ ಬಿಸಿ ಬಹುಪಾಲು ಕಿವಿಯ ಮೂಲಕ ಹೋಗಬೇಕು. ಠಾಣೆ ಖಾಡಿಯ ಮೇ ತಿಂಗಳ ಸೆಕೆಯಲ್ಲಿ, ತಗಡಿನ ಮಾಡಿನ ಅಂಗಡಿಯಲ್ಲಿ, ತಂತಿಯ ಮೇಲೆ ಹತ್ತು ಮೊಲ ಒತ್ತಾಗಿ ಕೂತರೆ ಏನಾಗುತ್ತೆ ಅಂತ ಯೋಚಿಸಿ. ನೋವಾದರೂ ಅದು ಕೂಗೋದು ಅಪರೂಪ, ಮೂಲೆಯಲ್ಲಿ ಸುಮ್ಮನಿರುತ್ತೆ. ನೋಡಿದವರು ಎಷ್ಟು ಸಾಧು ಅಂತಾರೆ.

ಸಾಗಾಟದ ವಿಷಯದಲ್ಲೂ ಹೀಗೇ. 1978ರ ಪ್ರಾಣಿ ಸಾಗಣೆ ನಿಯಮಗಳಲ್ಲಿ ನಾಯಿ ಬೆಕ್ಕು, ಮಂಗ, ದನ, ಕುದುರೆ, ಕುರಿ ಮೇಕೆಗಳಿಗೆ ಒಂದೊಂದು ಅಧ್ಯಾಯ ಇತ್ತು. 2001ರಲ್ಲಿ ಕೋಳಿ, ಹಂದಿ ಸೇರಿದವು. ಮೊಲಕ್ಕೆ ಅಧ್ಯಾಯ ಇಲ್ಲ.

2018: ಕೊನೆಗೂ ಹೆಸರು ಬಂತು

ಬ್ರಿಟನ್ನಿನಲ್ಲಿ ಪೆಟ್ ಶಾಪಿಗೆ ಸ್ಥಳೀಯ ಸಂಸ್ಥೆಯ ಲೈಸೆನ್ಸ್ ಬೇಕು ಅಂತ ಕಾನೂನಾದದ್ದು 1951ರಲ್ಲಿ. ಹನ್ನೆರಡು ವರ್ಷದೊಳಗಿನ ಮಗುವಿಗೆ ಪ್ರಾಣಿ ಮಾರಬಾರದು ಅಂತಲೂ ಆಗಲೇ ಬರೆದಿದ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಂತೂ ಮೊಲ ಸಾಕೋದೇ ನಿಷಿದ್ಧ, ಅಲ್ಲಿ ಅದು ಹೊಲ ತಿಂದುಹಾಕಿದ ಪಿಡುಗು. ನಮ್ಮಲ್ಲಿ 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮೊಕದ್ದಮೆಯ ತೀರ್ಪಿನಲ್ಲಿ, ಹಸಿವು, ಭಯ, ನೋವು, ಅನನುಕೂಲ ಇವುಗಳಿಂದ ಮುಕ್ತಿ ಮತ್ತು ತನ್ನ ಸಹಜ ಸ್ವಭಾವದಂತೆ ನಡೆಯುವ ಅವಕಾಶ ಪ್ರಾಣಿಗಿರಬೇಕು ಅಂತ ಹೇಳಿತು. ದಂಡದ ಮೊತ್ತ ಹೆಚ್ಚಿಸಿ ಅಂತಲೂ ಹೇಳಿತು. ಮರುವರ್ಷ, 2015ರ ಆಗಸ್ಟಿನಲ್ಲಿ, ನ್ಯಾಯಮೂರ್ತಿ ಎ.ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 261ನೇ ವರದಿಯಲ್ಲಿ ಪೆಟ್ ಶಾಪುಗಳಿಗೆ ನಿಯಮ ಬೇಕೇಬೇಕು ಅಂದಿತು.

2017ರ ಮೇ ತಿಂಗಳಲ್ಲಿ ನಾಯಿ ತಳಿ ಸಾಕಣೆಗೆ ನಿಯಮ ಬಂತು. 2018ರಲ್ಲಿ ಪೆಟ್ ಶಾಪ್ ನಿಯಮಗಳು ಬಂದವು. ಅದರಲ್ಲಿ ಸಾಕುಪ್ರಾಣಿ ಅಂದರೆ ನಾಯಿ, ಬೆಕ್ಕು, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್, ಇಲಿ ಜಾತಿಯವು ಮತ್ತು ಪಂಜರದ ಹಕ್ಕಿಗಳು ಅಂತ ಪಟ್ಟಿ ಕೊಟ್ಟರು. ನಾಯಿ ಬೆಕ್ಕಿನ ನಂತರ ಮೂರನೇ ಹೆಸರು ಮೊಲದ್ದು. ಪ್ರಯೋಗಶಾಲೆಯ ಮೊಲಕ್ಕಿಂತ ಸರಿಯಾಗಿ 20 ವರ್ಷ ತಡವಾಗಿ, ಬ್ರಿಟನ್ನಿಗಿಂತ 67 ವರ್ಷ ತಡವಾಗಿ.

ನಿಯಮ ಏನು ಹೇಳುತ್ತೆ? ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸದೆ ವ್ಯಾಪಾರ ಮಾಡುವಂತಿಲ್ಲ. ಶುಲ್ಕ 5,000 ರೂಪಾಯಿ, ಐದು ವರ್ಷದ ಅವಧಿ. ಅರ್ಜಿ ಬಂದ ಮೇಲೆ ಜಾಗ ಪರಿಶೀಲಿಸಬೇಕು. ಅಂಗಡಿಯವನು ಪ್ರಾಣಿಗಳ ದಾಖಲೆ ಇಡಬೇಕು. ಅಂಗಡಿ ಅನ್ನೋ ಮಾತಿಗೆ ವಾರದ ಸಂತೆಯ ಜಾಗವೂ ಸೇರುತ್ತೆ, ಆನ್‌ಲೈನ್ ಮಾರಾಟವೂ ಸೇರುತ್ತೆ. 1960ರ ಕಾಯ್ದೆ ನರಳಿದ ಮೇಲೆ ಬರುತ್ತಿತ್ತು, ಈ ನಿಯಮ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಲ್ಲುತ್ತೆ. ನನ್ನ ಪ್ರಕಾರ ಇದು ದೊಡ್ಡ ಹೆಜ್ಜೆ.

ಈಗ ಲೆಕ್ಕ ನೋಡಿ. ನೋಂದಣಿಗೆ 5,000. ನಿಯಮ ಮುರಿದರೆ? ಈ ನಿಯಮಗಳು 1960ರ ಕಾಯ್ದೆಯಿಂದ ಹುಟ್ಟಿದವು. ಆ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ನಿಯಮ ಮುರಿದವನಿಗೆ 100 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಸಜೆಯ ಮಾತು ಕಾಗದದಲ್ಲಿದೆ, ಆದರೆ ದಂಡ ಹಾಕಿ ಬಿಟ್ಟರೆ ನಿಯಮ ಪಾಲಿಸಿದವನಿಗಿಂತ ಮುರಿದವನಿಗೇ ಅಗ್ಗ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಕಾಯ್ದೆಯ ತಿದ್ದುಪಡಿಗೆ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ನೋಂದಣಿ ರದ್ದು ಮಾಡುವ ಅಧಿಕಾರ ಮಾತ್ರ ಮಂಡಳಿಯ ಕೈಯಲ್ಲಿದೆ, ನಿಜವಾದ ಹಲ್ಲು ಅದೇ. ಆದರೆ ನೋಂದಣಿಯೇ ಮಾಡಿಸದವನದ್ದು ಏನು ರದ್ದು ಮಾಡ್ತೀರಿ?

ಅಂಗಡಿಯ ಹಿಂದಿನ ಗೂಡು

ಇನ್ನೊಂದು ತೂತು ಇದಕ್ಕಿಂತ ದೊಡ್ಡದು. 2017ರ ನಿಯಮದಲ್ಲಿ ಹೆಣ್ಣುನಾಯಿಗೆ 18 ತಿಂಗಳು ತುಂಬದೆ ಮರಿ ಮಾಡಿಸಬಾರದು, ಎಂಟು ವಾರದೊಳಗಿನ ಮರಿ ಮಾರಬಾರದು ಅಂತ ಇದೆ. ಮೊಲದ ತಾಯಿಗೆ ಇಂಥ ಮಾತು ಎಲ್ಲೂ ಇಲ್ಲ. ಮೊಲದ ಗರ್ಭ ಒಂದು ತಿಂಗಳು. ಈದ ಕೂಡಲೇ ಮತ್ತೆ ಗರ್ಭ ಕಟ್ಟಬಹುದು. ಬಿಟ್ಟರೆ ಒಂದು ಹೆಣ್ಣು ವರ್ಷಪೂರ್ತಿ ಈಯುತ್ತಲೇ ಇರಬಹುದು. ತಾಯಿಯ ವಯಸ್ಸೆಷ್ಟು, ಎಷ್ಟನೇ ಸೂಲು, ಮರಿಗೆ ಎಷ್ಟು ದಿನ ಹಾಲು ಸಿಕ್ಕಿತು, ಯಾರೂ ಕೇಳೋದಿಲ್ಲ. ಪ್ರಯೋಗಶಾಲೆಗೆ ಮೊಲ ಬೆಳೆಸುವವನು 1998ರಿಂದ ಲೆಕ್ಕ ಕೊಡಬೇಕು. ಮಕ್ಕಳಿಗೆ ಮೊಲ ಬೆಳೆಸುವವನು ಮಾರಾಟದ ಮೇಜಿಗೆ ಬಂದಾಗ ಮಾತ್ರ ಕಾನೂನಿಗೆ ಕಾಣ್ತಾನೆ.

ನೋಡೋ ಜವಾಬ್ದಾರಿ ಯಾರದ್ದು ಅನ್ನೋದೂ ಹಂಚಿಹೋಗಿದೆ. ನೋಂದಣಿ ರಾಜ್ಯ ಮಂಡಳಿಯದು. ಪ್ರತಿ ಜಿಲ್ಲೆಗೂ ಒಂದು ಪ್ರಾಣಿಹಿಂಸೆ ತಡೆ ಸಂಘ ಇರಬೇಕು ಅಂತ 2001ರ ನಿಯಮ ಹೇಳುತ್ತೆ. ವ್ಯಾಪಾರದ ಪರವಾನಗಿ ಪಾಲಿಕೆಯದು, ಅದಕ್ಕೆ ಆಧಾರ 1949ರ ಪಾಲಿಕೆ ಕಾಯ್ದೆ. 2014ರಲ್ಲಿ ಪಾಲಘರ್ ಬೇರೆಯಾದ ಮೇಲೂ ಠಾಣೆ ಜಿಲ್ಲೆಯಲ್ಲಿ ಆರು ಮಹಾನಗರಪಾಲಿಕೆಗಳಿವೆ: ಠಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬೈ, ಉಲ್ಹಾಸನಗರ, ಭಿವಂಡಿ, ಮೀರಾ-ಭಾಯಂದರ್. ಉಲ್ಹಾಸನಗರದಲ್ಲಿ ಹುಟ್ಟಿದ ಮರಿ ಕಲ್ಯಾಣದಲ್ಲಿ ಕೈ ಬದಲಾಗಿ ವಾಶಿಯಲ್ಲಿ ಮಾರಾಟವಾದರೆ ಮೂರು ಪಾಲಿಕೆ ದಾಟಿರುತ್ತೆ. ಪಾಲಿಕೆಯ ಟ್ರೇಡ್ ಲೈಸೆನ್ಸನ್ನೇ ಪೆಟ್ ಶಾಪ್ ನೋಂದಣಿ ಅಂದುಕೊಳ್ಳುವ ಗಿರಾಕಿಗಳೂ ಇರ್ತಾರೆ. ಎರಡೂ ಬೇರೆ ಬೇರೆ.

ಹಾಗಾದ್ರೆ ಗಿರಾಕಿ ಏನು ಮಾಡಬಹುದು? ರಾಜ್ಯ ಮಂಡಳಿಯ ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಮರಿ ಎಲ್ಲಿ ಹುಟ್ಟಿತು, ಎಷ್ಟು ವಾರದ್ದು ಅಂತ ಕೇಳಿ, ಉತ್ತರವನ್ನ ರಸೀದಿಯ ಮೇಲೆ ಬರೆಸಿಕೊಳ್ಳಿ. ಮೊಲ ನೋಡಬಲ್ಲ ಪಶುವೈದ್ಯರು ನಿಮ್ಮ ಹತ್ತಿರ ಇದ್ದಾರಾ ಅಂತ ಮೊದಲೇ ವಿಚಾರಿಸಿ. ಪಂಜರ ಇಕ್ಕಟ್ಟಾಗಿದ್ದರೆ ದಿನಾಂಕದ ಸಮೇತ ಫೋಟೋ ತೆಗೆದು ಲಿಖಿತ ದೂರು ಕೊಡಿ. ಮೂರು ತಿಂಗಳ ಗಡುವು ನೆನಪಿರಲಿ. ಪಾಪ ಅಂತ ದುಡ್ಡು ಕೊಟ್ಟು ಆ ಮೊಲವನ್ನ ಬಿಡಿಸಿಕೊಂಡು ಬಂದರೆ ಆ ಜಾಗಕ್ಕೆ ಮರುದಿನ ಇನ್ನೊಂದು ಬರುತ್ತೆ, ಅದನ್ನೂ ಯೋಚಿಸಿ.

1890ರಲ್ಲಿ ಎತ್ತಿನ ಬೆನ್ನ ಮೇಲಿನ ಹುಣ್ಣು ಬೀದಿಯಲ್ಲಿ ಹೋಗುವವರಿಗೆ ಕಾಣುತ್ತಿತ್ತು, ಅದಕ್ಕೇ ಕಾನೂನು ಬಂತು. ಮೊಲದ ತಾಯಿ ಇರೋದು ಯಾರಿಗೂ ಕಾಣದ ಗೂಡಿನಲ್ಲಿ. ಅಲ್ಲಿಗೆ ಹೋಗಿ ನೋಡುವ ಒಬ್ಬ ಅಧಿಕಾರಿ, ಕೇಳುವ ಒಂದು ನಿಯಮ, ಇಷ್ಟು ಬಂದರೆ ಮೊಲಕ್ಕೆ ನಾಲ್ಕನೇ ಕಾಲು ಬಂದ ಹಾಗೆ.

ನಿಮ್ಮ ಊರಿನ ಅಂಗಡಿಯಲ್ಲಿ ನೋಂದಣಿ ಪತ್ರ ಕೇಳಿದಾಗ ಏನಂದರು ಅಂತ ನಮಗೆ ಬರೆಯಿರಿ.